ಕೋವಿ ಠಾಣೆಯಲ್ಲಿದ್ದ ಎರಡು ತಿಂಗಳು

ನಮ್ಮ ಮನೆಯ ಒಂಟಿನಳಿಗೆ ಕೋವಿ ಅಜ್ಜನ ಕಾಲದ್ದು. ತೋಟಕ್ಕೆ ಬೀಳುವ ಮಂಗ, ಗದ್ದೆಗೆ ನುಗ್ಗುವ ಹಂದಿ ಓಡಿಸಲೆಂದು ಬೆಳೆ ರಕ್ಷಣೆಯ ಲೆಕ್ಕದಲ್ಲಿ ಕೊಟ್ಟ ಪರವಾನಗಿ ಅದಕ್ಕಿದೆ. ಅಪ್ಪಯ್ಯ ತೀರಿಕೊಂಡ ಮೇಲೆ ಅದನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳಲು ಎಂಟು ತಿಂಗಳು ಅಲೆದೆ. ಅರ್ಜಿ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ, ಪೊಲೀಸ್ ವರದಿಗೆಂದು ತಿರುಗಿ ನಮ್ಮ ಠಾಣೆಗೇ ಬಂತು. ಒಂದು ಮಧ್ಯಾಹ್ನ ಇಬ್ಬರು ಪೊಲೀಸರು ಬಂದು ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿದರು. ಕೋವಿ ಎಲ್ಲಿಡುತ್ತೀರಿ, ಗುಂಡು ಎಲ್ಲಿಡುತ್ತೀರಿ, ಪಕ್ಕದ ತೋಟದವರ ಜೊತೆ ಬೇಲಿಯ ತಕರಾರು ಇದೆಯೇ ಎಂದೆಲ್ಲ ಕೇಳಿದರು. ಅಷ್ಟಕ್ಕೇ ಬಿಡದೆ ಒಳಗಿದ್ದ ನನ್ನ ಹೆಂಡತಿಯನ್ನೂ ಹೊರಗೆ ಕರೆದರು. "ಯಜಮಾನ್ರು ಕುಡೀತಾರೇನಮ್ಮ? ಸಿಟ್ಟು ಬಂದ್ರೆ ಕೈ ಮಾಡೋದು ಇದೆಯಾ?"

ನನಗೆ ಮೈ ಉರಿದುಹೋಗಿತ್ತು. ನಮ್ಮದೇ ಮನೆಯಲ್ಲಿ, ನಮ್ಮದೇ ಮಜ್ಜಿಗೆ ಕುಡಿದು ಈ ಮಾತೇ ಎಂದು ವಾರಗಟ್ಟಲೆ ಗೊಣಗಿಕೊಂಡು ತಿರುಗಿದೆ. ಇವತ್ತು ಅದೇ ಪ್ರಶ್ನೆಯ ಪರವಾಗಿ ಬರೆಯಲು ಕೂತಿದ್ದೇನೆ.

2022ರ ಸೆಪ್ಟೆಂಬರ್‌ನಲ್ಲಿ ನಾನೂ ನನ್ನ ಹೆಂಡತಿಯೂ ಮಗಳ ಮನೆಗೆಂದು ಅಮೆರಿಕದ ಮಿಸೌರಿ ರಾಜ್ಯಕ್ಕೆ ಹೋಗಿದ್ದೆವು. ಅವಳಿರುವುದು ಸೇಂಟ್ ಲೂಯಿಸ್ ನಗರದ ಹೊರವಲಯದಲ್ಲಿ. ಪಕ್ಕದ ಮನೆಯಲ್ಲಿ ನನ್ನ ವಯಸ್ಸಿನ ಒಬ್ಬರು, ವಿದ್ಯುತ್ ಕೆಲಸ ಮಾಡಿ ನಿವೃತ್ತರಾದವರು. ಒಳ್ಳೆಯ ಮನುಷ್ಯ. ನಮ್ಮ ಹಿತ್ತಲಿನ ಎಲೆಯನ್ನೂ ಅವರೇ ಗುಡಿಸಿ ಹಾಕುತ್ತಿದ್ದರು. ಜಿಂಕೆ ಬೇಟೆಯ ಹುಚ್ಚು ಬೇರೆ. ನಮ್ಮಲ್ಲೂ ಕೋವಿ ಇದೆ ಎಂದು ಮಗಳ ಬಾಯಲ್ಲಿ ಕೇಳಿ ಅವರ ಮುಖ ಅರಳಿತು. ಅಡುಗೆಮನೆಗೆ ಕರೆದುಕೊಂಡು ಹೋಗಿ ಒಂದು ಡ್ರಾಯರ್ ಎಳೆದರು. ಚಮಚ, ಸೆಲ್ಲೋಟೇಪು, ಟಾರ್ಚಿನ ಬ್ಯಾಟರಿಗಳ ನಡುವೆ ಒಂದು ಕಪ್ಪು ಪಿಸ್ತೂಲು. ಮೀನು ಹಿಡಿಯುವ ಕೆರೆಯ ಬಳಿ ಪರಿಚಯವಾದ ಒಬ್ಬರಿಂದ ಕೊಂಡದ್ದಂತೆ. ಹಣ ಎಣಿಸಿ ಕೊಟ್ಟು, ಕೈಕುಲುಕಿ, ಜೇಬಿಗಿಳಿಸಿ ಬಂದರಂತೆ. ಚೀಟಿ? ಇಲ್ಲ. ಎಲ್ಲಾದರೂ ಬರೆಸಬೇಕಲ್ಲ? ಬೇಡ. ನಾನು ಎಂಟು ತಿಂಗಳು ಅಲೆದ ಕಥೆ ಹೇಳಿದಾಗ ಅವರು ನಿಜವಾಗಿಯೂ ಮರುಗಿದರು. "ಪಾಪ, ನಿಮ್ಮ ಸ್ವಂತ ಕೋವಿಗೆ ಸರ್ಕಾರದ ಅಪ್ಪಣೆ ಬೇಕಾಯಿತೇ" ಎಂದರಂತೆ. ಮಗಳು ಅದನ್ನು ಕನ್ನಡಕ್ಕೆ ತಿರುಗಿಸುವಾಗ ನಾನು ತಲೆಯಾಡಿಸಿದ್ದೆ. ಆವತ್ತಿಗೆ ನನ್ನ ಅಭಿಪ್ರಾಯವೂ ಹೆಚ್ಚುಕಡಿಮೆ ಅದೇ ಆಗಿತ್ತು.

ಅಕ್ಟೋಬರ್ 24, ಸೋಮವಾರ. ನಮಗೆ ನರಕ ಚತುರ್ದಶಿ. ಎಣ್ಣೆಸ್ನಾನ ಮುಗಿಸಿ ಮೊಮ್ಮಗಳನ್ನು ಶಾಲೆಗೆ ಕಳಿಸಿ ಕೂತಿದ್ದೆವು. ಒಂಬತ್ತು ಗಂಟೆ ದಾಟುತ್ತಿದ್ದಂತೆ ಮಗಳ ಫೋನು ಒಂದೇ ಸಮನೆ ಬಡಿದುಕೊಳ್ಳತೊಡಗಿತು. ನಗರದ ಒಂದು ಪ್ರೌಢಶಾಲೆಗೆ ಹತ್ತೊಂಬತ್ತು ವರ್ಷದ ಹುಡುಗನೊಬ್ಬ ಬಂದೂಕು ಹಿಡಿದು ನುಗ್ಗಿದ್ದ. ಅಲ್ಲೇ ಓದಿದವನು. ಹದಿನೈದು ವರ್ಷದ ವಿದ್ಯಾರ್ಥಿನಿಯನ್ನೂ ಅರವತ್ತೊಂದು ವರ್ಷದ ಶಿಕ್ಷಕಿಯನ್ನೂ ಕೊಂದ. ಪೊಲೀಸರ ಗುಂಡಿಗೆ ಅವನೂ ಸತ್ತ. ನಮ್ಮ ಮೊಮ್ಮಗಳ ಶಾಲೆ ಅಲ್ಲಿಂದ ದೂರ. ಆದರೂ ಸಂಜೆ ಬಂದವಳು, ನಾವು ಕೇಳದೆಯೇ, ಸೋಫಾದ ಹಿಂದಿನ ಮೂಲೆಗೆ ಹೋಗಿ ಮೊಣಕಾಲು ತಬ್ಬಿ ಕೂತು ತೋರಿಸಿದಳು: "ಹೀಗೆ ಕೂತ್ಕೋಬೇಕು ಅಜ್ಜ, ಉಸಿರಾಟದ ಶಬ್ದಾನೂ ಬರಬಾರ್ದು." ಶಾಲೆಯಲ್ಲಿ ಅದನ್ನು ಅಭ್ಯಾಸ ಮಾಡಿಸುತ್ತಾರೆ. ಒಂಬತ್ತು ವರ್ಷದ ಮಗು ಅದು. ಹೊರಗೆ ಅವಳಮ್ಮ ಹಚ್ಚಿಟ್ಟ ಹಣತೆಗಳು ಉರಿಯುತ್ತಿದ್ದವು.

ಆ ಹುಡುಗನ ವಿಷಯ ಮುಂದಿನ ದಿನಗಳಲ್ಲಿ ಪೊಲೀಸರ ಬಾಯಿಂದಲೇ ಹೊರಬಂತು. ಅವನು ಮೊದಲು ಪರವಾನಗಿ ಇರುವ ಅಂಗಡಿಗೇ ಹೋಗಿದ್ದ. ಅಲ್ಲಿ ಎಫ್‌ಬಿಐ ತಪಾಸಣೆ ಅವನನ್ನು ತಡೆದಿತ್ತು. ಆಮೇಲೆ ಖಾಸಗಿ ವ್ಯಕ್ತಿಯೊಬ್ಬರಿಂದ ಕೊಂಡ. ಕೇಂದ್ರ ಕಾನೂನಿನ ಪ್ರಕಾರ ತಪಾಸಣೆ ನಡೆಸಬೇಕಾದ್ದು ಅಂಗಡಿಯವನು, ಮನೆಯಿಂದ ಮನೆಗೆ ಮಾರುವವನಿಗೆ ಆ ಹೊಣೆ ಇಲ್ಲ. ಮಗನ ಕೈಯಲ್ಲಿ ಬಂದೂಕು ಕಂಡು ತಾಯಿಯೇ ಪೊಲೀಸರಿಗೆ ಫೋನು ಮಾಡಿದ್ದಳು. ಬಂದವರು ಅದನ್ನು ಜಪ್ತಿ ಮಾಡಲು ಆ ರಾಜ್ಯದ ಕಾನೂನಿನಲ್ಲಿ ದಾರಿಯಿರಲಿಲ್ಲ. ಮನೆಯವರಿಗೆ ಗೊತ್ತಿದ್ದ ಮೂರನೆಯವರ ಕೈಗೆ ಕೊಡಿಸಿ ಹೋದರು. ಅದು ಹೇಗೋ ಮತ್ತೆ ಅವನ ಕೈಗೇ ಬಂತು. ಅವನದು ಉದ್ದನೆಯ ರೈಫಲ್, ಪಿಸ್ತೂಲಲ್ಲ. ಆದರೆ ಅದು ದಾಟಿ ಬಂದ ಬಾಗಿಲು ನಮ್ಮ ಪಕ್ಕದ ಮನೆಯ ಡ್ರಾಯರಿನ ಪಿಸ್ತೂಲು ಬಂದ ಬಾಗಿಲೇ.

ನನ್ನ ಹೆಂಡತಿಯನ್ನು ಹೊರಗೆ ಕರೆದು ಕೇಳಿದರಲ್ಲ, ಆ ತಾಯಿಯನ್ನು ಯಾರಾದರೂ ಬಂದೂಕು ಮನೆ ಸೇರುವ ಮೊದಲೇ ಕೇಳಿದ್ದರೆ? ಅವತ್ತು ರಾತ್ರಿಯಿಂದ ಈ ಯೋಚನೆ ನನ್ನನ್ನು ಬಿಟ್ಟಿಲ್ಲ.

ಮಿಸೌರಿಯಲ್ಲಿ ಮೊದಲು ಹೀಗಿರಲಿಲ್ಲ ಎಂದು ಗೊತ್ತಾದಾಗ ಹೊಟ್ಟೆ ಇನ್ನಷ್ಟು ಉರಿಯಿತು. 1921ರಿಂದ ಅಲ್ಲಿ ಪಿಸ್ತೂಲು, ರಿವಾಲ್ವರ್ ಕೊಳ್ಳುವವನು ಕೌಂಟಿಯ ಷೆರಿಫ್ ಕಚೇರಿಗೆ ಹೋಗಿ ಪರವಾನಗಿ ತರಬೇಕಿತ್ತು. ಗೆಳೆಯನಿಂದ ಕೊಂಡರೂ ಬೇಕಿತ್ತು. 2007ರ ಆಗಸ್ಟ್‌ನಲ್ಲಿ ಆ ಕಾನೂನನ್ನು ಕಿತ್ತುಹಾಕಿದರು. ಕನೆಕ್ಟಿಕಟ್ ರಾಜ್ಯ 1995ರಲ್ಲಿ ಇದಕ್ಕೆ ತದ್ವಿರುದ್ಧ ಹೆಜ್ಜೆ ಇಟ್ಟಿತ್ತು: ಪರವಾನಗಿ, ತರಬೇತಿ ಕಡ್ಡಾಯ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಎರಡೂ ರಾಜ್ಯಗಳ ಲೆಕ್ಕ ತೆಗೆದು 2020ರಲ್ಲಿ ಪ್ರಕಟಿಸಿದರು. ಕಾನೂನು ಬಾರದಿದ್ದರೆ ಎಷ್ಟಿರುತ್ತಿತ್ತೋ ಅದಕ್ಕಿಂತ ಕನೆಕ್ಟಿಕಟ್‌ನಲ್ಲಿ ಬಂದೂಕಿನ ಕೊಲೆ ಸುಮಾರು ಶೇ 28ರಷ್ಟು ಕಡಿಮೆ. ಮಿಸೌರಿಯಲ್ಲಿ, ಕಾನೂನು ತೆಗೆದ ಮೇಲೆ, ಸುಮಾರು ಶೇ 47ರಷ್ಟು ಹೆಚ್ಚು. ಬಂದೂಕಿನ ಆತ್ಮಹತ್ಯೆಯೂ ಅಲ್ಲಿ ಶೇ 24ರಷ್ಟು ಏರಿತ್ತು.

ಆ ಕೊನೆಯ ಅಂಕಿಯ ಮುಂದೆ ನಾನು ಸ್ವಲ್ಪ ನಿಲ್ಲಬೇಕು. ಅಮೆರಿಕದಲ್ಲಿ ಬಂದೂಕಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಮ್ಮ ಕೈಯಿಂದಲೇ ಸಾಯುವವರು. 2021ರಲ್ಲಿ ಒಟ್ಟು 48,830 ಸಾವುಗಳಲ್ಲಿ 26,328 ಅಂಥವು. ಕೊಲೆಯ ಸುದ್ದಿ ಟಿ.ವಿ.ಯಲ್ಲಿ ಬರುತ್ತದೆ. ಇವು ಮನೆಯೊಳಗೇ ಮುಗಿದುಹೋಗುತ್ತವೆ.

ತಮ್ಮನ ಒಪ್ಪಿಗೆ ಪಡೆದೇ ಮುಂದಿನದನ್ನು ಬರೆಯುತ್ತಿದ್ದೇನೆ. 2018ರ ಮಳೆಗಾಲ ಮಲೆನಾಡಿನವರಿಗೆ ನೆನಪಿರುತ್ತದೆ. ಎರಡು ಸಲ ಔಷಧಿ ಹೊಡೆದರೂ ಕೊಳೆರೋಗ ನಿಲ್ಲಲಿಲ್ಲ, ಎಳೆಗಾಯಿ ಬುಡಕ್ಕೆ ಸುರಿದು ತೋಟ ನಾರತೊಡಗಿತು. ತಮ್ಮನ ಭಾಗದ ತೋಟ ತಗ್ಗಿನಲ್ಲಿದೆ, ಅವನಿಗೆ ಬಿದ್ದ ಪೆಟ್ಟು ಹೆಚ್ಚು. ಸೊಸೈಟಿ ಸಾಲ, ಮಗಳ ಕಾಲೇಜು. ಮರುವರ್ಷ ಬೇಸಿಗೆ ಹೊತ್ತಿಗೆ ಮಾತೇ ಬಿಟ್ಟಿದ್ದ. ಆಗ ಲೋಕಸಭೆ ಚುನಾವಣೆ ಬಂತು. ಮಾರ್ಚ್ 10ರಂದು ನೀತಿಸಂಹಿತೆ ಜಾರಿಯಾಯಿತು, ಪರವಾನಗಿದಾರರೆಲ್ಲ ಕೋವಿ ಠಾಣೆಗೆ ಒಪ್ಪಿಸಬೇಕೆಂದು ಆದೇಶ ಬಂತು. ಪ್ರತಿ ಚುನಾವಣೆಗೂ ಇದ್ದದ್ದೇ. ಮಂಗ ಏನು ನೀತಿಸಂಹಿತೆ ಪಾಲಿಸುತ್ತದೆಯೇ ಎಂದು ಸಿಡುಕುತ್ತ, ಕೋವಿಯನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಹೊತ್ತುಕೊಂಡು ಹೋದೆ. ಠಾಣೆಯ ಹೆಡ್ ಕಾನ್‌ಸ್ಟೆಬಲ್ ನಳಿಗೆಯ ಬುಡದ ಸವೆದ ನಂಬರನ್ನು ಹೆಬ್ಬೆರಳಿನಿಂದ ಉಜ್ಜಿ, ಬೆಳಕಿಗೆ ಹಿಡಿದು, ಒಂದೊಂದೇ ಅಂಕಿ ಗಟ್ಟಿಯಾಗಿ ಓದಿ ಪುಸ್ತಕದಲ್ಲಿ ಬರೆದುಕೊಂಡರು. ಹುರಿಯಲ್ಲಿ ಚೀಟಿ ಕಟ್ಟಿ ಉಳಿದ ಕೋವಿಗಳ ಸಾಲಿನಲ್ಲಿ ನಿಲ್ಲಿಸಿದರು. ನಮ್ಮಲ್ಲಿ ಏಪ್ರಿಲ್ 23ಕ್ಕೆ ಮತದಾನ, ಮೇ 23ಕ್ಕೆ ಎಣಿಕೆ. ಕೋವಿ ಮನೆಗೆ ಬಂದದ್ದು ಆಮೇಲೆ.

ಆ ನಡುವೆ ಒಂದು ರಾತ್ರಿ ತಮ್ಮ ಎದ್ದು ಕೋವಿ ಇಡುವ ಮೂಲೆಗೆ ಹೋಗಿದ್ದ. ಗೋಡೆ ಖಾಲಿಯಿತ್ತು. ಬೆಳಗಿನವರೆಗೆ ಜಗಲಿಯಲ್ಲಿ ಕೂತಿದ್ದನಂತೆ. ಮೂರು ವರ್ಷ ಯಾರಿಗೂ ಹೇಳಿರಲಿಲ್ಲ. ಮಿಸೌರಿಯಿಂದ ಫೋನಿನಲ್ಲಿ ನಾನು ಆ ಶಾಲೆಯ ಸುದ್ದಿ ಹೇಳಿದಾಗ ಅವನು ಹೇಳಿದ: "ಅಣ್ಣಯ್ಯ, ಆ ಸಲ ಚುನಾವಣೆ ಇಲ್ದೇ ಇದ್ದಿದ್ರೆ ನಾನಿರ್ತಿರ್ಲಿಲ್ಲ." ಮರುಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಆ ಯೋಚನೆ ಸಡಿಲಿತ್ತಂತೆ. ಆಮೇಲೆ ಡಾಕ್ಟರರನ್ನು ಕಂಡ, ಸಾಲ ಕಂತಾಯಿತು. ಈಗ ಅವನ ತೋಟದಲ್ಲಿ ಕಾಳುಮೆಣಸು ಚೆನ್ನಾಗಿದೆ. (ಇದನ್ನು ಓದುವ ಯಾರ ಮನೆಯಲ್ಲಾದರೂ ಇಂಥ ಕತ್ತಲು ಕವಿದಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.)

ಪರವಾನಗಿ ಕಾನೂನು ಮಾಡುವ ದೊಡ್ಡ ಕೆಲಸ ಇದೇ ಎಂದು ನಾನು ನಂಬಿದ್ದೇನೆ: ಮನುಷ್ಯನಿಗೂ ಕೋವಿಗೂ ನಡುವೆ ನಾಲ್ಕು ದಿನ ಇಡುವುದು. ಅರ್ಜಿ, ಬೆರಳಚ್ಚು, ತರಬೇತಿ, ಮನೆಯವರಿಗೆ ಒಂದು ಪ್ರಶ್ನೆ. ಸಿಟ್ಟಾಗಲಿ ಹತಾಶೆಯಾಗಲಿ ಅಷ್ಟು ದಿನ ಅದೇ ಕಾವಿನಲ್ಲಿ ನಿಲ್ಲುವುದು ಅಪರೂಪ.

ನೋಂದಣಿಯದು ಬೇರೆ ಕೆಲಸ. ಕಳ್ಳರು ಪರವಾನಗಿ ಕೇಳುತ್ತಾರೆಯೇ ಎಂದು ಪಕ್ಕದ ಮನೆಯವರು ಕೇಳಿದ್ದರು. ಕೇಳುವುದಿಲ್ಲ, ನಿಜ. ಆದರೆ ಕಳ್ಳನ ಕೈಗೆ ಸೇರಿದ ಪಿಸ್ತೂಲು ಆಕಾಶದಿಂದ ಉದುರಿದ್ದಲ್ಲ. ಹೆಚ್ಚಿನವು ಮೊದಲು ಯಾವುದೋ ಅಂಗಡಿಯಲ್ಲಿ ಸಕ್ರಮವಾಗಿಯೇ ಮಾರಾಟವಾಗಿ, ಆಮೇಲೆ ಕೈಯಿಂದ ಕೈಗೆ ಜಾರಿದವು. 2007ರ ನಂತರ ಮಿಸೌರಿ ಪೊಲೀಸರಿಗೆ ಸಿಕ್ಕ ಬಂದೂಕುಗಳಲ್ಲಿ ಆ ರಾಜ್ಯದ ಅಂಗಡಿಗಳಲ್ಲೇ ಮಾರಾಟವಾದವುಗಳ ಪಾಲು ಏರಿತು. ಎಲ್ಲಿ ಜಾರಿತು ಎಂದು ಹುಡುಕಲು ಲೆಕ್ಕದ ಪುಸ್ತಕ ಬೇಕು. ಇಡೀ ದೇಶಕ್ಕೆ ಅಂಥ ಪುಸ್ತಕ ಇಡುವುದನ್ನು 1986ರ ಕೇಂದ್ರ ಕಾಯ್ದೆಯೇ ಅಲ್ಲಿ ನಿಷೇಧಿಸಿದೆ. ವೆಸ್ಟ್ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗ್‌ನಲ್ಲಿರುವ ಪತ್ತೆ ಕೇಂದ್ರದಲ್ಲಿ, ಮುಚ್ಚಿಹೋದ ಅಂಗಡಿಗಳ ಹಳೆಯ ದಾಖಲೆಗಳನ್ನು ಮಾಲೀಕನ ಹೆಸರು ಹಾಕಿ ಹುಡುಕುವಂತಿಲ್ಲ. ಚಂದ್ರನ ಮೇಲೆ ಕಾಲಿಟ್ಟ ದೇಶದಲ್ಲಿ ನಮ್ಮ ಹೆಡ್ ಕಾನ್‌ಸ್ಟೆಬಲ್ ಹೆಬ್ಬೆರಳಿನಿಂದ ಉಜ್ಜಿ ಮಾಡಿದ ಕೆಲಸ ಆಗುತ್ತಿಲ್ಲ ಎನ್ನುವುದನ್ನು ಒಪ್ಪಿಕೊಳ್ಳಲು ನನಗೆ ಕಷ್ಟವಾಯಿತು. ಕೊಡಗಿನವರಿಗೆ ಪರವಾನಗಿಯಿಂದ ವಿನಾಯಿತಿ ಇದೆಯಲ್ಲ ಎನ್ನಬಹುದು. ಇದೆ, 2029ರ ಅಕ್ಟೋಬರ್‌ವರೆಗೆ. ಆದರೆ ಅವರೂ ಜಿಲ್ಲಾಡಳಿತದಿಂದ ವಿನಾಯಿತಿ ಪತ್ರ ಪಡೆದಿರಬೇಕು.

ಪರವಾನಗಿಯನ್ನು ವಿರೋಧಿಸುವವರ ಒಂದು ಮಾತಿಗೆ ಮಾತ್ರ ನಾನು ತಲೆಬಾಗುತ್ತೇನೆ. ಪರವಾನಗಿ ಕೊಡುವವನ ಮನಸ್ಸಿನಲ್ಲಿ ವಿಷವಿದ್ದರೆ ಏನು ಗತಿ? 1878ರ ಶಸ್ತ್ರಾಸ್ತ್ರ ಕಾಯ್ದೆಯಿಂದ ಬ್ರಿಟಿಷರು ನಮ್ಮವರ ಕೈ ಬರಿದು ಮಾಡಿದ್ದನ್ನು ಗಾಂಧೀಜಿಯೇ ಖಂಡಿಸಿದ್ದರು. 1956ರಲ್ಲಿ ಅಲಬಾಮದ ಮಾಂಟ್ಗೊಮರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಮನೆಗೆ ಬಾಂಬ್ ಎಸೆದಾಗ ಅವರು ಬಂದೂಕು ಒಯ್ಯಲು ಪರವಾನಗಿ ಕೇಳಿದರು, ಸಿಗಲಿಲ್ಲ. ಕಪ್ಪು ಜನರ ಮನಸ್ಸಿನಲ್ಲಿ ಆ ನೆನಪು ಇನ್ನೂ ಇದೆ, ಇರಲೂಬೇಕು. ಅದಕ್ಕೇ ಕಾನೂನು ಅಧಿಕಾರಿಯ ಮರ್ಜಿಗೆ ಬಿಡಬಾರದು. ಷರತ್ತು ಪೂರೈಸಿದವನಿಗೆ ಇಂತಿಷ್ಟು ದಿನದಲ್ಲಿ ಕೊಡಲೇಬೇಕು, ಕೊಡದಿದ್ದರೆ ಕಾರಣ ಬರೆದು ತಿಳಿಸಬೇಕು. ಮೇರಿಲ್ಯಾಂಡ್ 2013ರಲ್ಲಿ ಪಿಸ್ತೂಲಿಗೆ ಬೆರಳಚ್ಚು, ನಾಲ್ಕು ಗಂಟೆ ತರಬೇತಿ ಕಡ್ಡಾಯ ಮಾಡಿತು. ಕೋರ್ಟಿನಲ್ಲಿ ವರ್ಷಗಟ್ಟಲೆ ಜಗ್ಗಾಡಿ 2024ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ವಾಷಿಂಗ್ಟನ್ ರಾಜ್ಯ 2025ರಲ್ಲಿ ಅಂಥದ್ದೇ ಕಾನೂನು ಮಾಡಿದೆ, 2027ರ ಮೇ ತಿಂಗಳಿಂದ ಜಾರಿ. ದೇಶಕ್ಕೆಲ್ಲ ಅನ್ವಯಿಸುವಂತೆ ಸೆನೆಟರ್ ಕೋರಿ ಬೂಕರ್ ಮಂಡಿಸಿದ ಮಸೂದೆ ಮಾತ್ರ ಮುಂದೆ ಸಾಗಲಿಲ್ಲ. 1968ರಲ್ಲಿ ಬಂದೂಕು ಕಾಯ್ದೆಗೆ ಸಹಿ ಹಾಕುವಾಗಲೇ ಅಧ್ಯಕ್ಷ ಲಿಂಡನ್ ಜಾನ್ಸನ್, ತಾವು ಬಯಸಿದ್ದ ಪರವಾನಗಿ ಮತ್ತು ನೋಂದಣಿ ಇದರಲ್ಲಿ ಸೇರಲಿಲ್ಲವೆಂದು ಕೊರಗಿದ್ದರು.

ನನ್ನ ಮಗಳು ಈಗ ಅಮೆರಿಕದ ಪ್ರಜೆ. ಅವಳ ಹಾಗೆ ಅಲ್ಲಿ ಮತ ಇರುವ ಕನ್ನಡಿಗರು ಎಷ್ಟೋ ಮಂದಿ ಇದ್ದಾರೆ. ನಿಮ್ಮ ಅಪ್ಪ, ಅಮ್ಮ ಊರಲ್ಲಿ ಈ ಪತ್ರಿಕೆ ಓದುತ್ತಿರುತ್ತಾರೆ, ಈ ಪುಟವನ್ನು ನಿಮಗೆ ಕಳಿಸಿಯೂ ಕಳಿಸುತ್ತಾರೆ. ದಯವಿಟ್ಟು ನಿಮ್ಮ ರಾಜ್ಯದ ಪ್ರತಿನಿಧಿಗೆ ಒಂದು ಪತ್ರ ಬರೆಯಿರಿ. 2007ರಲ್ಲಿ ಕಿತ್ತುಹಾಕಿದ್ದನ್ನು ಮತ್ತೆ ತನ್ನಿ ಎಂದು ಮಿಸೌರಿಯವರು ಕೇಳಿ. ಕಾನೂನೇ ಇಲ್ಲದ ಕಡೆ ಇರುವವರು ಹೊಸದಾಗಿ ಮಾಡಿ ಎಂದು ಕೇಳಿ. ಪತ್ರದಲ್ಲಿ ನನ್ನ ತಮ್ಮನ ವಿಷಯ ಬರೆಯಬಹುದು. ಅವನೇ ಹೇಳಿದ್ದಾನೆ, ಬರೆಯಲಿ ಎಂದು.