ವಿಡಿಯೊ ಸಾಕು, ಮೇಷ್ಟ್ರು ಬೇಡ ಎನ್ನುವವರಿಗೆ

ಕೃಷ್ಣಾ, ದೂಧಗಂಗಾ, ವೇದಗಂಗಾ ತುಂಬಿದರೆ ಕಲ್ಲೋಳ–ಯಡೂರ, ಕಾರದಗಾ–ಭೋಜ, ಜತ್ರಾಟ–ಭಿವಶಿ ಸೇತುವೆಗಳು ನೀರಿನಡಿ ಸೇರುತ್ತವೆ. ಕುಡಚಿ–ಉಗಾರ ಸೇತುವೆಯೂ ಮುಳುಗಿತೋ, ರಾಯಬಾಗದ ಹುಡುಗರು ಒಂದು ದಂಡೆಗೆ, ಕಾಗವಾಡದವರು ಇನ್ನೊಂದು ದಂಡೆಗೆ. 2019, 2021ರ ಮಹಾಪೂರಗಳನ್ನು ಅಥಣಿ, ಚಿಕ್ಕೋಡಿಯ ಜನ ಇನ್ನೂ ಮರೆತಿಲ್ಲ. ಇಂಥ ಸೀಮೆಗೆ ಮೊಬೈಲಿನಲ್ಲಿ ಪಾಠ ಬೇಡ ಎನ್ನಲು ಯಾರಿಗೂ ಬಾಯಿ ಬಾರದು.

ಪ್ರತಿ ವಿಷಯದ ಶೇ 40ರಷ್ಟು ಪಾಠವನ್ನು ಆನ್‌ಲೈನ್‌ನಲ್ಲಿ ಮಾಡಬಹುದೆಂಬ ಪ್ರಸ್ತಾವವನ್ನು ಯುಜಿಸಿ ಮುಂದಿಟ್ಟದ್ದೂ 2021ರಲ್ಲೇ. ಇತಿಹಾಸಕ್ಕೆ ಅದು ಒಗ್ಗೀತು. ಗಣಿತದ ಜಾಯಮಾನ ಬೇರೆ.

ಬಿಎಸ್ಸಿ ಮೊದಲ ವರ್ಷದ ಹುಡುಗಿಯೊಬ್ಬಳು ಲಿಮಿಟ್‌ನ ವ್ಯಾಖ್ಯೆ ಓದುತ್ತಾಳೆ ಎನ್ನಿ. ಎಪ್ಸಿಲಾನ್ ಮೊದಲು ಬರಬೇಕು, ಡೆಲ್ಟಾ ಆಮೇಲೆ. ಈ ಕ್ರಮ ಹಿಂದುಮುಂದಾದರೆ ಇಡೀ ಸಾಧನೆಯೇ ಕುಸಿಯುತ್ತದೆ. ವಿಡಿಯೊವನ್ನು ಎಷ್ಟು ಸಲ ಹಿಂದಕ್ಕೆ ಓಡಿಸಿದರೂ ಅವಳು ತಪ್ಪಿದ ಸಾಲು ಯಾವುದೆಂದು ಅದು ಹೇಳದು. ಪಕ್ಕದಲ್ಲಿ ನಿಂತ ಮೇಷ್ಟ್ರು ನೋಟ್‌ಬುಕ್ ನೋಡಿದ ಕೂಡಲೇ ಹೇಳುತ್ತಾರೆ. ಹತ್ತನೆಯವರೆಗೆ ಕನ್ನಡದಲ್ಲೋ ಮರಾಠಿಯಲ್ಲೋ ಕಲಿತು, ಪಿಯುಸಿಯಲ್ಲಿ ಏಕಾಏಕಿ ಇಂಗ್ಲಿಷಿಗೆ ಬಿದ್ದ ಮಕ್ಕಳಿಗಂತೂ ಆ ಮಾತು ತಮ್ಮ ಭಾಷೆಯಲ್ಲೇ ಬೇಕು. ಕನ್ನಡದಲ್ಲಿ ಗಣಿತವೇ ಎಂದು ಹುಬ್ಬೇರಿಸುವವರು ರಾಜಾದಿತ್ಯನನ್ನು ನೆನೆಯಲಿ. 12ನೇ ಶತಮಾನದಲ್ಲಿ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ಬರೆದ ಈತನ ಊರು ಪೂವಿನಬಾಗೆ, ಅದು ಇಂದಿನ ರಾಯಬಾಗವೇ ಎಂದು ಗುರುತಿಸಿದ ವಿದ್ವಾಂಸರಿದ್ದಾರೆ.

ಹಾಗೆಂದು ಮೇಷ್ಟ್ರು ಬೋರ್ಡಿಗೆ ಮುಖಮಾಡಿ ಬರೆಯುವುದು, ಮಕ್ಕಳು ನಕಲಿಸಿಕೊಳ್ಳುವುದು, ಗಂಟೆ ಬಾರಿಸುವುದು, ಇಷ್ಟೇ ತರಗತಿಯಾದರೆ ಅದನ್ನು ಉಳಿಸಿಕೊಳ್ಳಲು ಹೋರಾಡುವ ಅಗತ್ಯವಿಲ್ಲ. ವಿಜ್ಞಾನ, ಎಂಜಿನಿಯರಿಂಗ್, ಗಣಿತ ಬೋಧನೆಯ 225 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ಅಮೆರಿಕದ ಸಂಶೋಧಕರು 2014ರಲ್ಲಿ ಕಂಡದ್ದು ಇದನ್ನೇ: ಬರೀ ಉಪನ್ಯಾಸ ಕೇಳುವವರು ನಪಾಸಾಗುವ ಸಂಭವ, ತರಗತಿಯಲ್ಲಿ ತಾವೇ ಕೈಯಾಡಿಸಿ ಕಲಿಯುವವರಿಗಿಂತ ಒಂದೂವರೆ ಪಟ್ಟು. ಲಾಭ ತಂದದ್ದು ಕೇಳುವ ಕಿವಿಯಲ್ಲ, ಬಿಡಿಸುವ ಕೈ.

ಆದ್ದರಿಂದ ವಿಡಿಯೊ, ತರಗತಿ ಎರಡೂ ಬೆರೆತ ಕಲಿಕೆ ಬರಲಿ, ಆದರೆ ತಿರುಗುಮುರುಗಾಗಿ. ಪ್ರಮೇಯದ ವಿವರಣೆ ಕನ್ನಡದ ವಿಡಿಯೊದಲ್ಲಿರಲಿ. ಕಾಲೇಜಿನ ವೈಫೈನಲ್ಲೇ ಇಳಿಸಿಕೊಂಡು, ನೆಟ್‌ವರ್ಕ್ ಸಿಗದ ಹಳ್ಳಿಯಲ್ಲೂ ನೋಡುವಂತಿರಲಿ. ಕಾಲೇಜಿನ ಗಂಟೆಗಳೆಲ್ಲ ಲೆಕ್ಕ ಬಿಡಿಸುವುದಕ್ಕೇ ಮೀಸಲಾಗಲಿ.

ಇಲ್ಲೊಂದು ಅಪಾಯವಿದೆ. ಸರ್ಕಾರಿ ಕಾಲೇಜುಗಳ ಪಾಠದ ಭಾರವನ್ನು ಬಹುಮಟ್ಟಿಗೆ ಹೊತ್ತವರು ಅತಿಥಿ ಉಪನ್ಯಾಸಕರು, ಅವರ ನೇಮಕ ನಿಂತಿರುವುದು ವಾರದ ತರಗತಿಗಳ ಲೆಕ್ಕದ ಮೇಲೆ. ಪಾಠದಲ್ಲಿ ಶೇ 40 ಮೊಬೈಲಿಗೆ ಹೋಯಿತೆಂದು ಕಾರ್ಯಭಾರವನ್ನೂ ಅಷ್ಟೇ ಕತ್ತರಿಸಿದರೆ, ಲೆಕ್ಕ ಬಿಡಿಸುವಾಗ ಪಕ್ಕದಲ್ಲಿ ನಿಲ್ಲಬೇಕಾದವರೇ ಮನೆ ಸೇರುತ್ತಾರೆ. ವಿಡಿಯೊ ಬಂದರೂ ಗಣಿತದ ಒಂದು ಗಂಟೆಯೂ ಕಡಿಮೆಯಾಗದು ಎಂಬ ಸಾಲು ಸರ್ಕಾರದ ಆದೇಶದಲ್ಲಿ ಮೊದಲು ಬರಬೇಕು, ವಿಡಿಯೊ ಆಮೇಲೆ.