ಸೆಮಿ ಪರ್ಮನೆಂಟ್ ಅಂತೆ!

'ಸೆಮಿ ಪರ್ಮನೆಂಟ್' ಎಂಬ ಪದವನ್ನು ಮಹಾನಗರದ ಬ್ಯೂಟಿ ಪಾರ್ಲರ್‌ಗಳಷ್ಟು ದುಡಿಸಿಕೊಂಡವರು ಇನ್ನೊಬ್ಬರಿಲ್ಲ. ಹುಬ್ಬು ಸೆಮಿ ಪರ್ಮನೆಂಟ್, ತುಟಿಯ ಬಣ್ಣ ಸೆಮಿ ಪರ್ಮನೆಂಟ್, ಈಗ ರೆಪ್ಪೆಗೂದಲೂ. ಕೇಳಿದರೆ, ಒಮ್ಮೆ ದುಡ್ಡು ಕೊಟ್ಟು ನಿಶ್ಚಿಂತೆಯಿಂದ ಇರಬಹುದು ಅನ್ನಿಸಬೇಕು.

ಲೆಕ್ಕ ಹಾಗಿಲ್ಲ. ಮೇಲ್ರೆಪ್ಪೆಯಲ್ಲಿ ಸುಮಾರು 100ರಿಂದ 150 ಕೂದಲುಗಳಿರುತ್ತವೆ. ಅವು ತಲೆಗೂದಲಿನಂತೆ ವರ್ಷಗಟ್ಟಲೆ ನಿಲ್ಲುವುದಿಲ್ಲ. ಕೆಲವೇ ತಿಂಗಳಲ್ಲಿ ಸರದಿಯ ಮೇಲೆ ಉದುರಿ ಹೊಸದು ಬರುತ್ತವೆ. ಎಕ್ಸ್‌ಟೆನ್ಷನ್ ಎಂದರೆ ಒಂದೊಂದು ಸ್ವಂತ ಕೂದಲಿಗೂ ಕೃತಕ ಎಳೆಯನ್ನು ಟ್ವೀಜರ್‌ನಿಂದ ಹಿಡಿದು ಅಂಟಿಸುವುದು. ಸ್ವಂತದ್ದು ಉದುರಿದಾಗ ಅಂಟಿಸಿದ್ದೂ ಜೊತೆಗೇ ಹೋಗುತ್ತದೆ. ಅದಕ್ಕೇ ಎರಡು ಮೂರು ವಾರಕ್ಕೊಮ್ಮೆ 'ರೀಫಿಲ್'. ಇದು ಸೆಮಿ ಪರ್ಮನೆಂಟ್ ಆದರೆ ನಮ್ಮ 11 ತಿಂಗಳ ಬಾಡಿಗೆ ಕರಾರನ್ನು ಪಿತ್ರಾರ್ಜಿತ ಆಸ್ತಿ ಎನ್ನಬೇಕು. ಅವರು ಮಾರುತ್ತಿರುವುದು ತಿಂಗಳ ಚಂದಾ.

ನನ್ನ ತಕರಾರು ಅಲಂಕಾರದ ಮೇಲಲ್ಲ. "ನಮ್ಮಜ್ಜಿ ಇದನ್ನೆಲ್ಲ ಮಾಡಿಸಿಕೊಂಡಿದ್ದಳೇ?" ಎಂದು ಶುರು ಹಚ್ಚುವ ಗಂಡಸರ ಗುಂಪಿಗೆ ನಾನು ಸೇರಿದವಳಲ್ಲ. ಅಜ್ಜಿಯೂ ಹರಳೆಣ್ಣೆ ದೀಪದ ಮಸಿ ಹಿಡಿದು ಕಾಡಿಗೆ ತೀಡಿಕೊಂಡವಳೇ. ಕೆಲವು ಸುರಮಾಗಳಲ್ಲಂತೂ ಸೀಸವಿರುತ್ತದೆ, ಹಾಗಾಗಿ ಹಳೆಯದೆಲ್ಲ ಒಳ್ಳೆಯದು ಎಂಬ ವಾದವೂ ಬೇಡ. ಕಣ್ಣು ಚೆಂದ ಕಾಣಲಿ ಎಂಬ ಆಸೆಗೆ ಯಾರ ಅಪ್ಪಣೆಯೂ ಬೇಕಿಲ್ಲ. ಕಣ್ಣಿಗೆ ಏನು ಹಚ್ಚುತ್ತಿದ್ದೀರಿ ಎಂದು ಕೇಳಿದರೆ ಉತ್ತರ ಬೇಕು, ಅಷ್ಟೇ.

ಅಂಟಿನ ಹೆಸರು ಸಯನೋಅಕ್ರಿಲೇಟ್. ಕಿತ್ತುಹೋದ ಚಪ್ಪಲಿಗೆ ಹಾಕುವ ಫೆವಿಕ್ವಿಕ್ಕಿನ ಕುಲದ್ದೇ. 1942ರಲ್ಲಿ ಅಮೆರಿಕದಲ್ಲಿ, ಬಂದೂಕಿನ ಗುರಿನೋಟಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುವಾಗ ಸಿಕ್ಕಿ, ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆಂದು ಬದಿಗಿಟ್ಟ ವಸ್ತು. ತೇವ ತಾಕಿದರೆ ಗಟ್ಟಿಯಾಗುತ್ತದೆ. ಅದರ ಆವಿಗೆ ಕಣ್ಣು ಸ್ವಲ್ಪ ತೆರೆದರೂ ಉರಿ. ಕೆಲವರಿಗೆ ರೆಪ್ಪೆ ಊದಿ, ಕೆಂಪಾಗಿ, ತುರಿಕೆ ಹತ್ತುತ್ತದೆ. ಈ ಅಲರ್ಜಿ ಮೊದಲ ಸಲವೇ ಬರಬೇಕೆಂದಿಲ್ಲ. ಐದಾರು ಸಲ ಸುಮ್ಮನಿದ್ದು ಏಳನೆಯ ಸಲವೂ ಬರಬಹುದು. ಕೃತಕ ಎಳೆ ಅಂಟಿಸದ ಲ್ಯಾಶ್ ಲಿಫ್ಟ್ ಸಾಧು ಎಂದುಕೊಳ್ಳಬೇಡಿ. ಅಲ್ಲಿ ಸಾಮಾನ್ಯವಾಗಿ ಹಚ್ಚುವುದು ತಲೆಗೂದಲು ಪರ್ಮ್ ಮಾಡುವ ಥಯೋಗ್ಲೈಕೊಲೇಟ್ ಜಾತಿಯ ರಾಸಾಯನಿಕ, ಕಣ್ಣುಗುಡ್ಡೆಯಿಂದ ಕೆಲವೇ ಮಿಲಿಮೀಟರ್ ಆಚೆ.

ಇದಕ್ಕೆಂದೇ ಒಂದೆರಡು ದಿನ ಮೊದಲು ಪ್ಯಾಚ್ ಟೆಸ್ಟ್ ಮಾಡಬೇಕು. ಪುಣೆಯಲ್ಲಿ ನಾನು ಹೋದ ಪಾರ್ಲರಿನಲ್ಲಿ ಅದನ್ನು ಕೇಳಿದ್ದಕ್ಕೆ "ಕುಛ್ ನಹೀ ಹೋಗಾ ಮ್ಯಾಡಮ್" ಎಂಬ ಉತ್ತರ ಬಂತು. ಬಾಟಲಿ ತೋರಿಸಿ ಅಂದೆ. ಲೇಬಲ್ ಮೇಲೆ ನನಗೆ ಓದಲು ಬಾರದ ಲಿಪಿ, ತಾರೀಖೇ ಇಲ್ಲ. ಸಹಿಗೆ ಕೊಟ್ಟ ಕಾಗದ ಮಾತ್ರ ಅಚ್ಚುಕಟ್ಟು ಇಂಗ್ಲಿಷಿನಲ್ಲಿತ್ತು: ಏನಾದರೂ ಆದರೆ ನಾವು ಹೊಣೆಯಲ್ಲ. ಏನೂ ಆಗುವುದಿಲ್ಲ ಎಂದವರೇ ಏನಾದರೂ ಆದರೆ ಎಂದು ಬರೆಸಿಕೊಳ್ಳುತ್ತಾರೆ! ಸಹಿ ಹಾಕದೆ ಎದ್ದು ಬಂದೆ. ಸೌಂದರ್ಯವರ್ಧಕಗಳಿಗೆ 2020ರ ನಿಯಮಾವಳಿ ಇದೆ. ತಯಾರಕರ ಹೆಸರು, ಬ್ಯಾಚ್ ಸಂಖ್ಯೆ, ಬಳಕೆಯ ಅವಧಿ, ಒಳಗಿರುವ ಪದಾರ್ಥಗಳು ಲೇಬಲ್ಲಿನಲ್ಲಿರಬೇಕು. ಆಫೀಸಿನಲ್ಲಿ ವೆಂಡರ್ ಕರಾರಿನ ಒಂದೊಂದು ಸಾಲನ್ನೂ ಜಾಲಾಡುವ ನಮ್ಮವರು ಪಾರ್ಲರಿನಲ್ಲಿ ಕಣ್ಣು ಮುಚ್ಚಿ ಸಹಿ ಹಾಕಿ, ಆಮೇಲೆ ಕಣ್ಣು ಮುಚ್ಚಿ ಮಲಗುತ್ತಾರೆ.

ನನ್ನ ಸಿಟ್ಟು ಟ್ವೀಜರ್ ಹಿಡಿದ ಹುಡುಗಿಯ ಮೇಲಲ್ಲ. ದೆಹಲಿ, ಮುಂಬೈ, ಪುಣೆಯ ಪಾರ್ಲರ್‌ಗಳಲ್ಲಿ ದುಡಿಯುವ ಎಷ್ಟೋ ಹೆಣ್ಣುಮಕ್ಕಳು ಮಣಿಪುರ, ಮಿಜೋರಾಂ, ನಾಗಾಲ್ಯಾಂಡಿನವರು. ನಮ್ಮ ಹಾಗೇ ಹೊಟ್ಟೆಪಾಡಿಗೆ ಊರು ಬಿಟ್ಟವರು, ಆದರೆ ನಮ್ಮ ಹಾಗೆ ಕಂಪನಿ ಕೊಟ್ಟ ಆರೋಗ್ಯ ವಿಮೆಯ ಕಾರ್ಡು ಎಷ್ಟು ಜನರ ಬಳಿ ಇದ್ದೀತು? ನೀವು ಎರಡು ಗಂಟೆ ಮಲಗಿ ಎದ್ದು ಹೋಗುತ್ತೀರಿ. ಅವಳು ಕಿಟಕಿಯಿಲ್ಲದ ಎಸಿ ಕೋಣೆಯಲ್ಲಿ ದಿನವಿಡೀ ಕುತ್ತಿಗೆ ಬಗ್ಗಿಸಿ ಅದೇ ಆವಿಯ ಮೇಲೆ ಮುಖವಿಟ್ಟಿರುತ್ತಾಳೆ. ಕೆಲಸದಲ್ಲಿ ಈ ಆವಿ ಉಸಿರಾಡಿದವರಿಗೆ ಅಸ್ತಮಾ ಬಂದದ್ದನ್ನು ವೈದ್ಯರು ದಾಖಲಿಸಿದ್ದಾರೆ. 'ಕುಛ್ ನಹೀ ಹೋಗಾ' ಅವಳ ಮಾತಲ್ಲ, ಬಾಯಿಪಾಠ ಮಾಡಿಸಿದ್ದು. ಪ್ಯಾಚ್ ಟೆಸ್ಟಿಗೆಂದು ಎರಡು ದಿನ ಕಾಯಿಸಿದರೆ ಗಿರಾಕಿ ಪಕ್ಕದ ಪಾರ್ಲರಿಗೆ ಹೋದಾಳು ಎಂಬ ಭಯ ಮಾಲೀಕರದು.

ಹಾಗಾಗಿ ಬಾಟಲಿ ತೋರಿಸಲು ಅವಳು ತಡವರಿಸಿದರೆ ರೇಗಬೇಡಿ, ಒಂದು ಸ್ಟಾರ್ ಒತ್ತಿ ಅವಳ ಸಂಬಳಕ್ಕೆ ಕತ್ತರಿ ಹಾಕಿಸಬೇಡಿ. ಮಾಲೀಕರನ್ನೇ ಕರೆಸಿ. ಲೇಬಲ್ ಕೇಳಿ, ಪ್ಯಾಚ್ ಟೆಸ್ಟ್ ಕೇಳಿ, ಆ ಕೋಣೆಗೆ ಎಕ್ಸಾಸ್ಟ್ ಫ್ಯಾನ್ ಯಾಕಿಲ್ಲ ಎಂದೂ ಕೇಳಿ. ಸಹಿಯ ಮಾತು ಆಮೇಲೆ.