ಬೋರಗಾಂವದ ಕಬ್ಬು, ಸಹ್ಯಾದ್ರಿಯ ನೀರು

ಬೆಳಗಾವಿ ಜಿಲ್ಲೆಯ ನಿಪ್ಪಾಣಿ ತಾಲೂಕಿನ ಬೋರಗಾಂವ ಮಹಾರಾಷ್ಟ್ರದ ಗಡಿಗೆ ಸಮೀಪದ ಸಣ್ಣ ಪಟ್ಟಣ. ಪಟ್ಟಣ ಪಂಚಾಯಿತಿ ಬಂದಿದ್ದರೂ ಅದರ ಬದುಕು ಇಂದಿಗೂ ಹೊಲವನ್ನೇ ನಂಬಿದೆ. ಕನ್ನಡ, ಮರಾಠಿಗಳೆರಡೂ ಅಲ್ಲಿನ ಸಂತೆಯ ಮಾತು. ಈ ಬಯಲಿನ ಊರಿಗೂ ಮಲೆನಾಡಿಗೂ ಏನು ನಂಟು? ಉತ್ತರ ದೂಧಗಂಗೆಯಲ್ಲಿದೆ.

ದೂಧಗಂಗೆ ಸಹ್ಯಾದ್ರಿಯಲ್ಲಿ ಹುಟ್ಟುತ್ತಾಳೆ. ಕಾಳಮ್ಮವಾಡಿಯ ಅಣೆಕಟ್ಟೆಯಲ್ಲಿ ತಂಗಿ, ವೇದಗಂಗೆಯನ್ನು ಕೂಡಿಕೊಂಡು ಕೃಷ್ಣೆಯನ್ನು ಸೇರುತ್ತಾಳೆ. ಮಳೆ ಕಡಿಮೆಯಾದ ಈ ಬಯಲಿನಲ್ಲಿ ಕಬ್ಬು ಹಸಿರಾಗಿರುವುದು ಘಟ್ಟದ ಮಳೆಯಿಂದ. ಆ ನೀರನ್ನು ನಿಲ್ಲಿಸಲು ಘಟ್ಟದ ಊರುಗಳು ತಮ್ಮ ನೆಲವನ್ನು ತೆತ್ತಿವೆ.

ಒಂದು ಕಾಲಕ್ಕೆ ನಿಪ್ಪಾಣಿ ಸೀಮೆಯೆಂದರೆ ತಂಬಾಕು. ಜೊತೆಗೆ ಜೋಳ, ಶೇಂಗಾ. ತಂಬಾಕಿಗೆ ನ್ಯಾಯವಾದ ಬೆಲೆ ಕೇಳಿ 1981ರಲ್ಲಿ ನಿಪ್ಪಾಣಿಯಲ್ಲಿ ರೈತರು ಹೆದ್ದಾರಿಗಿಳಿದರು. ಪೊಲೀಸರ ಗುಂಡಿಗೆ ಹಲವರು ಬಲಿಯಾದರು. ಕಬ್ಬಿಗಾದರೋ ಸರಕಾರ ಘೋಷಿಸಿದ ದರವುಂಟು, ಕೊಳ್ಳುವ ಕಾರ್ಖಾನೆಯುಂಟು. ಆದುದರಿಂದ ಕಬ್ಬನ್ನು ಆರಿಸಿಕೊಂಡ ರೈತನನ್ನು ದೂರುವುದು ನ್ಯಾಯವಲ್ಲ.

ಆದರೆ ಮಣ್ಣು ಬೇರೊಂದು ಲೆಕ್ಕವನ್ನಿಡುತ್ತದೆ. ಕಪ್ಪು ಜೇಡಿಯಲ್ಲಿ ನೀರು ಬೇಗ ಬಸಿಯದು. ವರ್ಷಕ್ಕೂ ಮಿಗಿಲಾಗಿ ನಿಲ್ಲುವ ಬೆಳೆಗೆ ಹಾಯಿನೀರು ಕೊಡುತ್ತ ಹೋದರೆ ಅಂತರ್ಜಲ ಬೇರಿನವರೆಗೆ ಏರುತ್ತದೆ. ನೀರು ಆವಿಯಾಗಿ ಉಪ್ಪು ಮಾತ್ರ ಮೇಲೆ ಉಳಿಯುತ್ತದೆ. ಇದೇ ಸವಳು. ಕೃಷ್ಣಾ ಕಣಿವೆಯಲ್ಲಿ ಒಳ್ಳೆಯ ಎರೆಭೂಮಿಗಳು ಹೀಗೆಯೇ ಬಂಜರಾಗಿವೆ. ಇತ್ತ ಬರಗಾಲದ ಭಯ, ಅತ್ತ 2005, 2019, 2021ರಂಥ ಮಹಾಪೂರ. ಒಂದೇ ಬೆಳೆಯನ್ನು ನೆಚ್ಚಿದವನಿಗೆ ಎರಡೂ ಕಡೆ ಪೆಟ್ಟು.

ದಾರಿಗಳಿಲ್ಲದಿಲ್ಲ. ಹನಿ ನೀರಾವರಿಯಿಂದ ನೀರು ಉಳಿಯುತ್ತದೆ. ರವದಿಯನ್ನು ಸುಡದೆ ಸಾಲಿನಲ್ಲಿ ಹಾಸಿದರೆ ತೇವವೂ ಸಾವಯವ ಅಂಶವೂ ಉಳಿಯುತ್ತವೆ. ಕೂಳೆ ತೆಗೆದ ಮೇಲೆ ಸೋಯಾ, ಕಡಲೆ, ಶೇಂಗಾಗಳಿಗೆ ಸರದಿ ಕೊಡಬೇಕು. ಸವಳು ನೆಲಕ್ಕೆ ಬಸಿಗಾಲುವೆ ಬೇಕು. ಆದರೆ ಒಬ್ಬನ ಹೊಲದ ನೀರು ಮತ್ತೊಬ್ಬನ ಹೊಲ ದಾಟಿಯೇ ಹಳ್ಳ ಸೇರಬೇಕಾದ್ದರಿಂದ ಅದು ಊರೊಟ್ಟಿನ ಕೆಲಸ. ಕಾಳುಬೆಳೆಗೂ ಕಬ್ಬಿನಷ್ಟೇ ಖಚಿತವಾದ ಖರೀದಿ ಇಲ್ಲದಿದ್ದರೆ ಈ ಉಪದೇಶವೆಲ್ಲ ವ್ಯರ್ಥ. ಸರಕಾರದ ಹೊಣೆ ಇರುವುದು ಇಲ್ಲಿಯೇ.

ಘಟ್ಟದ ಕಾಡು ಬೋಳಾದರೆ ಅದರ ಮಣ್ಣು ಬಯಲಿನ ಅಣೆಕಟ್ಟೆಗಳಲ್ಲಿ ಹೂಳಾಗುತ್ತದೆ. ಬಯಲಿನ ದಾಹ ಹೆಚ್ಚಿದಷ್ಟೂ ಘಟ್ಟದ ಕಣಿವೆಗಳಿಗೆ ಹೊಸ ಅಣೆಕಟ್ಟೆಗಳ ಭಯ. ಬೋರಗಾಂವದ ರೈತ ಹೊಲದಲ್ಲಿ ಉಳಿಸುವ ನೀರು ಮಲೆನಾಡಿನ ಕಣಿವೆಯೊಂದನ್ನು ಉಳಿಸಬಲ್ಲದು. ಕಾಡನ್ನು ಕಾಯುವ ಚಳವಳಿ ಬಯಲಿನ ಬೆಳೆಯ ಬಗೆಗೂ ಮಾತನಾಡಬೇಕಾದುದು ಇದಕ್ಕಾಗಿಯೇ.